ಎಳ್ಳು ಬೀರುವ ಹಬ್ಬದ ಪೂರ್ವೋತ್ತರ

ಹಳೆಯ ಮೈಸೂರು ಸೀಮೆಯಲ್ಲಿ ಮಕರ ಸಂಕ್ರಮಣದ ಸಾಯಂಕಾಲ, ಹೊಸ ಲಂಗವನ್ನುಟ್ಟು ಜಡೆಗೆ ಹೂ ಮುಡಿದ ಹೆಣ್ಣುಮಕ್ಕಳು ನೆರೆಹೊರೆಯವರಿಗೆ ಬೀರುವುದಕ್ಕೆಂದು ಹಿಡಿದು ಹೊರಡತಕ್ಕ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿಬೀಜ ಎಂಬ ಐದು ಪದಾರ್ಥಗಳ ಮಿಶ್ರಣವೂ, ಅದರ ಮಗ್ಗುಲಲ್ಲಿ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿಹಣ್ಣುಗಳೂ ಇರುತ್ತವೆ. ಇವೆಲ್ಲವೂ ಅನಾದಿಕಾಲದಿಂದ ಹೀಗೆಯೇ ಒಂದೆಡೆ ಕೂಡಿಕೊಂಡಿದ್ದುವೆಂದು ನೋಡುವವರಿಗೆ ತೋರುವುದು ಸಹಜ. ಆದರೆ ಒಂದೊಂದನ್ನೂ ಪ್ರತ್ಯೇಕವಾಗಿ ಕೈಗೆತ್ತಿಕೊಂಡು, ಅದು ಯಾವ ಹೊಲದಿಂದ, ಯಾವ ಕಾಲದಲ್ಲಿ, ಯಾರ ಮೂಲಕ ಈ ತಟ್ಟೆಗೆ ಬಂದು ಸೇರಿತೆಂದು ವಿಚಾರಿಸುತ್ತ ಹೋದರೆ, ಕೆಲವು ಸಾವಿರಾರು ವರ್ಷಗಳಷ್ಟು ಪ್ರಾಚೀನವೂ ಕೆಲವು ನಮ್ಮ ಮುತ್ತಜ್ಜಿಯರ ಕಾಲಕ್ಕೆ ಮಾತ್ರ ಪರಿಚಿತವಾದವೂ ಆಗಿರುವುದು ಕಂಡುಬರುತ್ತದೆ. ಹಬ್ಬದ ಅಡುಗೆಯೂ ಸೀಮೆಸೀಮೆಯ ಊಟದ ಪದ್ಧತಿಯೂ ಉಳಿಯಬೇಕೆಂದು ಎಲ್ಲರೂ ಹಂಬಲಿಸುತ್ತಿರುವ ಈ ಕಾಲದಲ್ಲಿ, ಉಳಿಸತಕ್ಕದ್ದು ನಿಜವಾಗಿ ಯಾವುದು ಎಂಬ ಪ್ರಶ್ನೆಗೆ ಉತ್ತರವನ್ನು ಈ ತಟ್ಟೆಯ ಚರಿತ್ರೆಯಲ್ಲಿಯೇ ಅರಸುವುದು ಯುಕ್ತವಾಗಿದೆ.

ಐದು ಪದಾರ್ಥಗಳಲ್ಲಿ ಹಿರಿಯದು ಎಳ್ಳು. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಕಾದ ಎಳ್ಳಿನ ಮುದ್ದೆ ದೊರೆತಿರುವುದರಿಂದ, ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಅದು ಭರತಖಂಡದ ಬೇಸಾಯದಲ್ಲಿ ಸೇರಿತ್ತೆಂಬುದು ತಿಳಿದುಬರುತ್ತದೆ. ಎಳ್ಳನ್ನು ಅರೆದು ಮೈಗೆ ಪೂಸಿಕೊಳ್ಳುವುದು, ಎಳ್ಳು ಬೆರೆಸಿದ ನೀರಿನಲ್ಲಿ ಮೀಯುವುದು, ಅಗ್ನಿಗೆ ಆಹುತಿ ಕೊಡುವುದು, ಪಿತೃಗಳಿಗೆ ತರ್ಪಣ ಬಿಡುವುದು, ದಾನ ಮಾಡುವುದು, ತಾನೂ ತಿನ್ನುವುದು ಎಂದು ಧರ್ಮಶಾಸ್ತ್ರಕಾರರು ಅದರ ವಿನಿಯೋಗವನ್ನು ಆರು ಬಗೆಯಾಗಿ ವಿಧಿಸಿದರು. ಆಯುರ್ವೇದವು ಅದನ್ನು ಸ್ನಿಗ್ಧವೂ ಉಷ್ಣವೂ ಆದ ದ್ರವ್ಯವೆಂದು ಎಣಿಸಿತು. ಪುಷ್ಯಮಾಸದ ಒಣಚಳಿಯಲ್ಲಿ ತುಟಿ ಬಿರಿದು ಚರ್ಮ ಸುಕ್ಕುವ ದಿನಗಳಲ್ಲಿ ದೇಹವು ಬೇಡತಕ್ಕ ಜಿಡ್ಡನ್ನು ಎಳ್ಳೂ ಕೊಬ್ಬರಿಯೂ ಒದಗಿಸುತ್ತವೆಂಬುದನ್ನು, ಯಾವ ಗ್ರಂಥವನ್ನೂ ಓದದ ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲವರಾಗಿದ್ದರು.

ಎಳ್ಳಿನ ಸುತ್ತ ಕನ್ನಡ ನಾಡಿನಲ್ಲಿ ಒಂದು ದೊಡ್ಡ ವೃತ್ತಿಸಮೂಹವೇ ಬೆಳೆದಿತ್ತು. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಎಣ್ಣೆಗಾರರ ಸಂಘದ ಹೆಸರು ಮೇಲಿಂದ ಮೇಲೆ ಬರುತ್ತದೆ. ದೇವಾಲಯದ ನಂದಾದೀಪಕ್ಕಾಗಿ ಪ್ರತಿಯೊಂದು ಗಾಣದಿಂದಲೂ ಇಷ್ಟು ಸೊಲ್ಲಗೆ ಎಣ್ಣೆ ಸಲ್ಲತಕ್ಕದ್ದೆಂದು ಆ ಒಕ್ಕಲುಗಳು ತಾವಾಗಿಯೇ ಕಟ್ಟುಪಾಡು ಮಾಡಿಕೊಂಡು ಕಲ್ಲಿನಲ್ಲಿ ಕೆತ್ತಿಸಿದುದುಂಟು. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಗಾಣದ ಕಣ್ಣಪ್ಪನೆಂಬ ವಚನಕಾರನಿಗೂ ಸ್ಥಾನವಿದ್ದಿತು. ಎತ್ತು ಸುತ್ತುತ್ತ ಗಾಣವಾಡುತ್ತಿದ್ದ ಊರುಗಳಲ್ಲಿ ಸಂಕ್ರಾಂತಿಯ ಎಳ್ಳು ಅಂಗಡಿಯಿಂದ ಕೊಂಡು ತರತಕ್ಕ ಸರಕಾಗಿರಲಿಲ್ಲ. ಮುಂಗಾರಿಗೂ ಮುಂಚೆ ಬಿದ್ದ ಮೊದಲ ಹದಮಳೆಗೆ ಬಿತ್ತಿ, ರಾಗಿಯ ಬಿತ್ತನೆಗೆ ಹೊಲ ತೆರವಾಗುವಂತೆ ಕೊಯ್ದು, ಒಂದು ಪಾಲನ್ನು ಗಾಣಕ್ಕೂ ಒಂದು ಪಾಲನ್ನು ಬೀಜಕ್ಕೂ ತೆಗೆದಿರಿಸಿ, ಮಿಕ್ಕುದನ್ನು ಪುಷ್ಯಮಾಸದವರೆಗೆ ಮಡಕೆಯಲ್ಲಿ ಕಾಪಾಡಿಕೊಂಡ ಸ್ವಂತ ಬೆಳೆ ಅದಾಗಿತ್ತು.

ಇನ್ನು ಹಬ್ಬದ ದಿನದ ವಿಚಾರ. ಪ್ರಾಚೀನ ಶಾಸನಗಳಲ್ಲಿ ದತ್ತಿ ಬಿಟ್ಟ ತಿಥಿಯನ್ನು ಹೇಳುವಾಗ ‘ಉತ್ತರಾಯಣ ಸಂಕ್ರಾಂತಿ’ ಎಂಬ ಮಾತು ಎಷ್ಟು ಸಲ ಬರುತ್ತದೆಂದರೆ, ಭೂದಾನ, ಅಗ್ರಹಾರದಾನ, ದೇವರ ನೈವೇದ್ಯಕ್ಕೂ ತಪಸ್ವಿಗಳ ಆಹಾರದಾನಕ್ಕೂ ಬಿಟ್ಟ ಗದ್ದೆತೋಟಗಳು, ಇವುಗಳಿಗೆಲ್ಲ ಗ್ರಹಣವೂ ಸಂಕ್ರಮಣವೂ ಪ್ರಶಸ್ತ ಕಾಲಗಳಾಗಿದ್ದುವೆಂಬುದು ಸ್ಪಷ್ಟವಾಗುತ್ತದೆ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಆ ಸಂಕ್ರಮಣವು ಡಿಸೆಂಬರ್ ತಿಂಗಳ ಕಡೆಯ ದಿನಗಳಲ್ಲಿ ಬೀಳುತ್ತಿತ್ತು. ನಕ್ಷತ್ರಮಾನದ ವರ್ಷಕ್ಕೂ ಋತುಮಾನದ ವರ್ಷಕ್ಕೂ ಇರುವ ಸೂಕ್ಷ್ಮವಾದ ಅಂತರದಿಂದ ಅದು ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಮುಂದಕ್ಕೆ ಸರಿದು, ಈಗ ಜನವರಿ 14 ಅಥವಾ 15ಕ್ಕೆ ಬಂದು ನಿಂತಿದೆ. ಸೂರ್ಯನು ಆಕಾಶದಲ್ಲಿ ಉತ್ತರಕ್ಕೆ ತಿರುಗುವುದಾದರೋ ಡಿಸೆಂಬರ್ 21, 22ರ ಸುಮಾರಿಗೇ ಆಗಿಹೋಗಿರುತ್ತದೆ. ಅಯನವು ಹಿಂದೆ ಉಳಿದು ಹಬ್ಬವು ಮುಂದೆ ನಡೆದರೂ ಜನರು ಅದನ್ನು ಬಿಡದಿರುವುದಕ್ಕೆ ಮುಖ್ಯವಾದ ಕಾರಣವು ಭೂಮಿಯ ಮೇಲೆಯೇ ಇದೆ: ಕಣದಲ್ಲಿ ರಾಶಿ ಬಿದ್ದು, ಹೊಸ ಧಾನ್ಯ ಮನೆಗೆ ಬಂದು, ದುಡಿದ ದನಗಳಿಗೆ ಬಿಡುವು ದೊರೆಯುವ ಸುಗ್ಗಿಯ ಸಮಯ ಅದು. ಮಂಡ್ಯ, ಮೈಸೂರು ಸೀಮೆಗಳಲ್ಲಿ ಮೈತೊಳೆದು ಕೊಂಬಿಗೆ ಬಣ್ಣ ಬಳಿದ ರಾಸುಗಳನ್ನು ಅಂದು ಮುಚ್ಚಂಜೆಯಲ್ಲಿ ಕಿಚ್ಚು ಹಾಯಿಸುವುದು ಆ ಕೃತಜ್ಞತೆಯ ಭಾಗವೇ ಸರಿ.

ಅಂದಿನ ಊಟಕ್ಕೆ ಪ್ರಧಾನವಾದುದು ಹುಗ್ಗಿ. ಹೊಸ ಅಕ್ಕಿಯನ್ನೂ ಹೆಸರುಬೇಳೆಯನ್ನೂ ಕೂಡಿಸಿ ಬೇಯಿಸಿ, ಒಂದು ಪಾತ್ರೆಗೆ ಬೆಲ್ಲ, ಏಲಕ್ಕಿ, ತುಪ್ಪಗಳನ್ನೂ ಮತ್ತೊಂದಕ್ಕೆ ಮೆಣಸು, ಜೀರಿಗೆ, ಕಾಯಿತುರಿಗಳನ್ನೂ ಸೇರಿಸಿ ಸಿಹಿಯೆಂದೂ ಖಾರವೆಂದೂ ಎರಡು ಬಗೆ ಮಾಡುವ ರೂಢಿಯುಂಟು. ಖಾರದ ಹುಗ್ಗಿಗೆ ಇಂದಿಗೂ ಹಾಕತಕ್ಕದ್ದು ಕರಿಮೆಣಸನ್ನೇ ಎಂಬುದನ್ನು ಅಡುಗೆಯ ಚರಿತ್ರೆಯನ್ನು ಶೋಧಿಸುವವರು ಗಮನಿಸಬೇಕು. ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆ ಬಹು ಹಿಂದಿನದು. 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ವೃಕ್ಷಾಯುರ್ವೇದಗಳ ಜೊತೆಗೆ ಸೂಪಶಾಸ್ತ್ರಕ್ಕೂ ಎಡೆಯಿದೆ. ಸುಮಾರು ಒಂದು ಶತಮಾನದ ತರುವಾಯ ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜಭೋಜನದ ವಿವರಗಳಿದ್ದು, ಅಲ್ಲಿ ವರ್ಣಿತವಾದ ಮಂಡಕದ ವಂಶವು ಬೆಳಗಾವಿಯ ಕಡೆ ಬೋರಲು ಹಾಕಿದ ಮಡಕೆಯ ಮೇಲೆ ಬೇಯಿಸುವ ಮಂಡಿಗೆಯಲ್ಲಿ ಈಗಲೂ ಬಾಳಿಕೊಂಡಿದೆ. 1508ರ ಸುಮಾರಿನಲ್ಲಿ ಕಲ್ಲಹಳ್ಳಿಯ ಒಡೆಯನಾದ ಮೂರನೆಯ ಮಂಗರಸನು ಭಕ್ಷ್ಯ, ಪಾನಕ, ಪಾಯಸ, ಶಾಕಪಾಕಗಳನ್ನು ಕುರಿತು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನು ಷಟ್ಪದಿಯಲ್ಲಿ ಬರೆದನು. ಪೋರ್ತುಗೀಸರು ಗೋವೆಯನ್ನು ಹಿಡಿದುದು 1510ರಲ್ಲಿ. ಮೆಣಸಿನಕಾಯಿಯು ಅವರ ಹಡಗುಗಳಲ್ಲಿ ಬಂದು ಒಳನಾಡಿಗೆ ಹಬ್ಬಿದುದು ಆಮೇಲಿನ ಮಾತು. ಆದಕಾರಣ ಮಂಗರಸನ ಅಡುಗೆಮನೆಗೆ ಮೆಣಸಿನಕಾಯಿಯ ಪರಿಚಯವಿರಲಿಲ್ಲ. ಬ್ಯಾಡಗಿಯ ಕೆಂಪು ಬಣ್ಣವಿಲ್ಲದ ಕನ್ನಡಿಗರ ಊಟವನ್ನು ಊಹಿಸಿಕೊಳ್ಳುವುದು ಇಂದು ಕಷ್ಟವಾದರೂ, ಆ ಊಟದ ರುಚಿಯು ಸಂಕ್ರಾಂತಿಯ ಹುಗ್ಗಿಯಲ್ಲಿ ಕೆಡದೆ ಉಳಿದು ಬಂದಿದೆ.

ಇದಕ್ಕಿಂತಲೂ ಕಟ್ಟುನಿಟ್ಟಾಗಿ ಹಳೆಯದನ್ನು ಕಾದುಕೊಂಡು ಬಂದಿರುವುದು ಶ್ರಾದ್ಧದ ಅಡುಗೆ. ಸಂಪ್ರದಾಯಸ್ಥರ ಮನೆಗಳಲ್ಲಿ ಆ ದಿನ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳಿಗೆ ಪ್ರವೇಶವಿಲ್ಲ. ಪಿತೃಗಳು ಉಣ್ಣದಿದ್ದ ವಸ್ತುವನ್ನು ಪಿತೃಗಳಿಗೆ ಬಡಿಸಲಾಗದೆಂಬ ಒಂದು ಅಘೋಷಿತ ನಿಯಮವು ಅದರ ಹಿಂದೆ ಇರುವಂತೆ ತೋರುತ್ತದೆ. ಹಬ್ಬದ ಸ್ವಭಾವ ಬೇರೆ. ಶ್ರಾದ್ಧವು ಗತಿಸಿದವರ ಕಡೆಗೆ ಮುಖ ಮಾಡಿದರೆ ಹಬ್ಬವು ಇರುವವರನ್ನೂ ಬರುವವರನ್ನೂ ಕುಳ್ಳಿರಿಸಿ ಉಣಿಸುತ್ತದೆ. ಆದುದರಿಂದಲೇ ಅದು ಹೊಸಬರಿಗೆ ಬಾಗಿಲನ್ನು ಮುಚ್ಚಲಿಲ್ಲ. ಎಳ್ಳುಬೆಲ್ಲದಲ್ಲಿ ಅವಿಭಾಜ್ಯವೆಂದು ನಾವು ತಿಳಿದಿರುವ ಕಡಲೆಕಾಯಿಯೇ ಇದಕ್ಕೆ ಮುಖ್ಯ ಸಾಕ್ಷಿ. ಅದರ ತೌರುಮನೆ ದಕ್ಷಿಣ ಅಮೆರಿಕ. ಐರೋಪ್ಯರ ನೌಕೆಗಳೊಡನೆ ಪೂರ್ವದೇಶಗಳಿಗೆ ಬಂದ ಆ ಗಿಡವು ದಕ್ಷಿಣ ಭಾರತದ ಮಳೆಯಾಶ್ರಿತ ಹೊಲಗಳಲ್ಲಿ ವಿಸ್ತಾರವಾಗಿ ಹರಡಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಹಾಗೆ ಬಂದ ಪರದೇಶದ ಬೀಜಕ್ಕೆ ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಒಂದು ಪರಿಷೆಯೇ ನಡೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಅದು ಶೇಂಗಾ ಹೋಳಿಗೆಯಾಗಿ, ಹಿಂಡಿಯಾಗಿ ಹಬ್ಬಕ್ಕೂ ಬುತ್ತಿಗೂ ಸಲ್ಲುತ್ತದೆ. ತಟ್ಟೆಯಲ್ಲಿ ಸಾವಿರಾರು ವರ್ಷಗಳ ಎಳ್ಳಿನ ಪಕ್ಕದಲ್ಲಿ ಈ ಹೊಸಬನು ಕುಳಿತುದನ್ನು ಯಾವ ಮಠವೂ ನಿಷೇಧಿಸಲಿಲ್ಲ, ಯಾವ ಅಜ್ಜಿಯೂ ಆಕ್ಷೇಪಿಸಲಿಲ್ಲ.

ಸಿಹಿಯ ಚರಿತ್ರೆಯೂ ಹೀಗೆಯೇ ಪದರಪದರವಾಗಿದೆ. ಕಬ್ಬೂ ಆಲೆಮನೆಯೂ ಬೆಲ್ಲವೂ ಈ ನಾಡಿಗೆ ಪ್ರಾಚೀನವಾದುವು. ಆದರೆ ಅಚ್ಚಿನಲ್ಲಿ ಎರೆಯತಕ್ಕ ಬಿಳಿಯ ಸಕ್ಕರೆ ಬಹುಕಾಲ ಶ್ರೀಮಂತರ ಮನೆಗಳಿಗೆ ಮೀಸಲಾದ ದುರ್ಲಭ ವಸ್ತುವಾಗಿತ್ತು. ಶ್ರೀರಂಗಪಟ್ಟಣದ ಪತನದ ಮರುವರ್ಷ, ಎಂದರೆ 1800ರಲ್ಲಿ, ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಚಿಕ್ಕಬಳ್ಳಾಪುರದಲ್ಲಿ ಉತ್ತಮವಾದ ಬಿಳಿ ಸಕ್ಕರೆಯೂ ಕಲ್ಲುಸಕ್ಕರೆಯೂ ತಯಾರಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಸಕ್ಕರೆಯು ಸಾಮಾನ್ಯ ಗೃಹಸ್ಥನ ಮನೆಗೆ ಧಾರಾಳವಾಗಿ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟು ಪೂರ್ಣಗೊಂಡು, ಈಗ ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಇರ್ವಿನ್ ನಾಲೆಯ ನೀರು ಮಂಡ್ಯದ ಬೆದ್ದಲು ಭೂಮಿಗೆ ಹರಿದು, ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಆಸ್ಥೆಯಿಂದ ಕಬ್ಬಿನ ಬೇಸಾಯ ಬಲಗೊಂಡು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದ ಮೇಲೆ, ಸಂಕ್ರಾಂತಿಯ ಬೀದಿಯಲ್ಲಿ ಕಬ್ಬಿನ ಜಲ್ಲೆಗಳ ರಾಶಿಯೂ ತಟ್ಟೆಯಲ್ಲಿ ಸಕ್ಕರೆಯ ಅಚ್ಚುಗಳೂ ಎಲ್ಲರಿಗೂ ಎಟುಕುವಂತಾದುವು.

ಆ ಅಚ್ಚುಗಳನ್ನೆರೆಯುವುದು ಒಂದು ಕಲೆ. ಎರಡು ಮೂರು ಹೋಳುಗಳಾಗಿ ಬಿಚ್ಚಿ ಕೂಡಿಸಬಹುದಾದ ಮರದ ಅಚ್ಚುಗಳ ಒಳಮೈಯಲ್ಲಿ ಬೃಂದಾವನ, ಗಿಳಿ, ಆನೆ, ಹಸು, ತೇರು, ಗೋಪುರಗಳನ್ನು ಬಡಗಿಯು ತಿರುವುಮುರುವಾಗಿ ಕೆತ್ತಿರುತ್ತಾನೆ. ಅವನ್ನು ನೀರಿನಲ್ಲಿ ನೆನೆಸಿಟ್ಟು, ಸಕ್ಕರೆಗೆ ನೀರು ಬೆರೆಸಿ ಕುದಿಸಿ, ಹಾಲು ಹಾಕಿ ಕಸರನ್ನು ನೊರೆಯಾಗಿ ಮೇಲೆಬ್ಬಿಸಿ ತೆಗೆದು, ಬಟ್ಟೆಯಲ್ಲಿ ಶೋಧಿಸಿದ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಕಾಯಿಸಿ, ಅದು ಹರಳುಗಟ್ಟುವುದಕ್ಕೆ ತೊಡಗುವ ಕ್ಷಣವನ್ನು ಸೌಟಿನ ತಿರುವಿನಲ್ಲಿಯೇ ಅರಿತು ಅಚ್ಚಿಗೆ ಸುರಿಯಬೇಕು. ಒಂದು ಗಳಿಗೆ ಮುಂಚಿತವಾದರೆ ಅಚ್ಚು ನಿಲ್ಲದು, ತಡವಾದರೆ ಪಾಕವು ಪಾತ್ರೆಯಲ್ಲಿಯೇ ಗಟ್ಟಿಯಾಗುವುದು. ಉತ್ತರ ಕರ್ನಾಟಕದಲ್ಲಿ ಇದೇ ಕಲೆಯು ಕಾರ್ತಿಕದ ಗೌರಿಹುಣ್ಣಿಮೆಗೆ ಸಲ್ಲುತ್ತದೆ: ಹುಡುಗಿಯರು ಬಣ್ಣಬಣ್ಣದ ಸಕ್ಕರೆ ಗೊಂಬೆಗಳನ್ನು ಆರತಿಯ ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ, ನಿಶ್ಚಯವಾದ ಕನ್ಯೆಗೆ ಗಂಡಿನ ಮನೆಯವರು ಸಕ್ಕರೆ ಆರತಿಯನ್ನು ತಂದೊಪ್ಪಿಸುತ್ತಾರೆ.

ಉತ್ತರದ ಆ ಸೀಮೆಗಳಲ್ಲಿ ಎಳ್ಳಿನ ಹಬ್ಬವು ಸಂಕ್ರಾಂತಿಗೂ ಮುಂಚೆಯೇ ಮೊದಲಾಗುತ್ತದೆ. ಮಾರ್ಗಶಿರದ ಎಳ್ಳಮಾವಾಸ್ಯೆಯಂದು ಕಲಬುರಗಿ, ಬೀದರ, ವಿಜಯಪುರಗಳ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳವು ತೆನೆದುಂಬುತ್ತಿರುವಾಗ, ಒಕ್ಕಲಿನ ಮನೆಗಳವರು ಬಂಡಿ ಕಟ್ಟಿಕೊಂಡು, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡುಬು, ಹತ್ತಾರು ಕಾಯಿಕಾಳು ಸೊಪ್ಪುಗಳನ್ನು ಕೂಡಿಸಿ ಕುದಿಸಿದ ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗಡಿಗೆಯ ಅಂಬಲಿ ಇವುಗಳನ್ನು ಹೊತ್ತು ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿ ಆಗ ತುಂಬಿದ ಬಸುರಿ. ಅವಳಿಗೆ ಬಯಕೆಯ ಊಟವನ್ನು ಬಡಿಸುವಂತೆ ಆ ಅಡುಗೆಯನ್ನು ಹೊಲದ ತುಂಬ ಚರಗ ಚೆಲ್ಲಿ, ಬಳಿಕ ಬಂಧುಗಳೂ ದಾರಿಹೋಕರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಹಕ್ಕಿಗೂ ಇರುವೆಗೂ ಅದರಲ್ಲಿ ಪಾಲುಂಟು. ಸಂಕ್ರಾಂತಿಯ ಹಿಂದಿನ ದಿನದ ಭೋಗಿಯಲ್ಲಿ ಮತ್ತೆ ಸಜ್ಜೆಯ ರೊಟ್ಟಿ. ಸಂಕ್ರಾಂತಿಯಂದು ಹೊಳೆಯ ಮೀಹವೂ, ಎಳ್ಳಿನ ಮೇಲೆ ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಏರಿಸಿ ಮುಳ್ಳುಮುಳ್ಳಾಗಿ ಅರಳಿಸಿದ ಕುಸುರೆಳ್ಳಿನ ವಿನಿಮಯವೂ ನಡೆಯುತ್ತವೆ. ದಕ್ಷಿಣದ ತಟ್ಟೆಯಲ್ಲಿ ತಿಪಟೂರಿನ ಕೊಬ್ಬರಿಯೂ ಮಂಡ್ಯದ ಬೆಲ್ಲವೂ ಉತ್ತರದ ಕಪ್ಪುಮಣ್ಣಿನ ಕಡಲೆಯೂ ಕೂಡಿದರೆ, ಉತ್ತರದ ಬುತ್ತಿಯಲ್ಲಿ ಅಲ್ಲಲ್ಲಿನ ಹೊಲವೇ ಇಡಿಯಾಗಿ ಇರುತ್ತದೆ. ಪ್ರಾಂತಭೇದಕ್ಕೆ ಮೂಲವಾದುದು ಮಣ್ಣು ಮತ್ತು ಮಳೆ; ಎರೆಮಣ್ಣಿನವನು ಜೋಳವನ್ನೂ ಕೆಮ್ಮಣ್ಣಿನವನು ರಾಗಿ ಅವರೆಗಳನ್ನೂ ತನ್ನ ದೇವರಿಗೆ ಅರ್ಪಿಸಿದನು.

ಅವರೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ರಾಗಿಯ ಹೊಲದಲ್ಲಿ ಅವರೆಯನ್ನು ಅಕ್ಕಡಿ ಸಾಲಾಗಿ ಬಿತ್ತುವ ಪದ್ಧತಿಯನ್ನು ಬುಕಾನನನೂ ಕಂಡಿದ್ದನು. ನಾಡತಳಿಯ ಅವರೆಯು ಹಗಲು ಕಿರಿದಾಗಿ ಇರುಳು ಹಿರಿದಾದ ಹೊರತು ಹೂ ಬಿಡದು; ಆದಕಾರಣ ಅದರ ಕಾಯಿಯು ಮಾರ್ಗಶಿರ ಪುಷ್ಯಗಳ ಮಂಜಿನಲ್ಲಿಯೇ ಬಲಿತು ಸೊಗಡು ತುಂಬಿಕೊಳ್ಳಬೇಕಾಗಿತ್ತು. ಹಿತಕಿದ ಬೇಳೆಯ ಸಾರು ವರ್ಷದಲ್ಲಿ ಕೆಲವೇ ವಾರಗಳ ಭಾಗ್ಯವಾಗಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಪ್ರಮಾಣವನ್ನು ಲೆಕ್ಕಿಸದೆ ಹೂ ಬಿಡತಕ್ಕ ‘ಹೆಬ್ಬಾಳ ಅವರೆ’ಯ ತಳಿಗಳನ್ನು ಬಿಡುಗಡೆ ಮಾಡಿದ ಮೇಲೆ ಅವರೆಯು ವರ್ಷವಿಡೀ ದೊರೆಯುವಂತಾಗಿದೆ. ಅದರಿಂದ ರೈತನಿಗೆ ಆದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಯಾವ ಋತುವಿನಲ್ಲಿಯೂ ಸಿಕ್ಕುವ ಪದಾರ್ಥವು ಯಾವ ಋತುವನ್ನೂ ಸೂಚಿಸಲಾರದು. ಹಬ್ಬದ ಅಡುಗೆಗೆ ಕಾಯುವಿಕೆಯೂ ಒಂದು ಉಪಕರಣವಾಗಿತ್ತು. ಹೊಲಕ್ಕೂ ಒಲೆಗೂ ಒಂದೇ ಪಂಚಾಂಗವಿದ್ದಿತು. ನಾಡತಳಿಯ ಅವರೆಯನ್ನೂ ಸಜ್ಜೆಯನ್ನೂ ಎಳ್ಳನ್ನೂ ಬಿತ್ತುವ ಕೈಗಳು ಇಲ್ಲವಾದಲ್ಲಿ, ಅಡುಗೆಯ ಪುಸ್ತಕಗಳೆಷ್ಟಿದ್ದರೂ ಆ ರುಚಿಯನ್ನು ಮರಳಿ ತರಲಾಗದು.

ಹಬ್ಬಕ್ಕೆ ಎರಡು ವಾರ ಮುಂಚಿತವಾಗಿಯೇ ಮನೆಯ ಹೆಂಗಸರು ಕೊಬ್ಬರಿಯ ಕಪ್ಪುಸಿಪ್ಪೆಯನ್ನು ಹೆರೆದು ಬಿಳಿಯ ತಿರುಳನ್ನು ಎಳೆಎಳೆಯಾಗಿ ಸೀಳಿ, ಅಚ್ಚುಬೆಲ್ಲವನ್ನು ಅಡಕತ್ತರಿಯಿಂದ ಕತ್ತರಿಸಿ, ನೆನೆದ ಎಳ್ಳನ್ನು ಗೋಣಿಯ ಮೇಲೆ ಉಜ್ಜಿ ತೊಗಟೆ ಬಿಡಿಸಿ, ಎಲ್ಲವನ್ನೂ ಮಾಳಿಗೆಯ ಬಿಸಿಲಿಗೆ ಹರಡುತ್ತಿದ್ದರು. ಆ ಶ್ರಮದಲ್ಲಿ ಸೊಗಸೂ ಇತ್ತು, ಸಂಕಟವೂ ಇತ್ತು. ಇದನ್ನು ಮುಚ್ಚಿಡುವುದು ಚರಿತ್ರೆ ಬರೆಯುವವನ ಧರ್ಮವಲ್ಲ. ಎಳ್ಳು ಬೀರುವುದು ಕನ್ಯೆಯರಿಗೂ ಸುಮಂಗಲಿಯರಿಗೂ ಮೀಸಲಾದ ಸಂಭ್ರಮವಾಗಿತ್ತು. ಹೊಸದಾಗಿ ಮದುವೆಯಾದವಳು ಐದು ವರ್ಷ ಬಾಳೆಹಣ್ಣು ಬೀರಿ ಮುತ್ತೈದೆಯರ ಹರಕೆ ಪಡೆಯುತ್ತಿದ್ದಳು. ಅದೇ ಮನೆಯ ಹಿತ್ತಿಲಲ್ಲಿ ಕುಳಿತು ಕೊಬ್ಬರಿ ಹೆರೆದು ಬೆರಳು ಗಾಯ ಮಾಡಿಕೊಂಡ ವಿಧವೆಯಾದ ಸೋದರತ್ತೆಗೆ ನಡುಮನೆಯ ಅರಿಸಿನ ಕುಂಕುಮದಲ್ಲಿ ಎಡೆಯಿರಲಿಲ್ಲ. ಜಾತಿಯ ಗೋಡೆಗಳೂ ಇದ್ದುವು. ಬೇಯಿಸಿದ ಅನ್ನವನ್ನು ಅನ್ಯರ ಕೈಯಿಂದ ಸ್ವೀಕರಿಸದ ಆ ಕಾಲದಲ್ಲಿ ನೀರು ತಾಗದ ಒಣಪದಾರ್ಥಕ್ಕೆ ಅಷ್ಟು ಮೈಲಿಗೆಯಿರಲಿಲ್ಲವಾದುದರಿಂದ, ಎಳ್ಳುಬೆಲ್ಲವು ಹೋಳಿಗೆಯೂ ಹುಗ್ಗಿಯೂ ದಾಟಲಾರದ ಕೆಲವು ಹೊಸ್ತಿಲುಗಳನ್ನು ದಾಟಿತು. ಎಲ್ಲ ಹೊಸ್ತಿಲುಗಳನ್ನೂ ದಾಟಿತೆಂದು ಹೇಳಿದರೆ ಅದು ಅಸತ್ಯವಾಗುತ್ತದೆ.

ಈಗ ಗಾಂಧಿಬಜಾರಿನಲ್ಲಿಯೂ ಮಲ್ಲೇಶ್ವರದಲ್ಲಿಯೂ ಕೊಬ್ಬರಿ ಬೆಲ್ಲಗಳನ್ನು ಒಂದೇ ಅಳತೆಗೆ ಕತ್ತರಿಸಿ ಬೆರೆಸಿದ ಪೊಟ್ಟಣಗಳು ಮಾರಾಟಕ್ಕಿವೆ. ದೂರದೇಶಗಳ ಕನ್ನಡ ಸಂಘಗಳವರು ಅವನ್ನೇ ತರಿಸಿಕೊಂಡು ಹಿಮದ ಊರುಗಳಲ್ಲಿ ಸಂಕ್ರಾಂತಿಯನ್ನು ಆಚರಿಸುತ್ತಾರೆ. ಇದನ್ನು ಸಂಪ್ರದಾಯದ ಅಧಃಪತನವೆಂದು ಹಳಿಯುವುದು ನನಗೆ ಸಮ್ಮತವಲ್ಲ. ಕಡಲೆಕಾಯಿಯನ್ನು ಅರಗಿಸಿಕೊಂಡ ತಟ್ಟೆಯು ಪೊಟ್ಟಣವನ್ನೂ ಅರಗಿಸಿಕೊಂಡೀತು. ಹೆಂಗಸರ ಬೆನ್ನಿಗೆ ಬಿಡುವು ದೊರೆತರೆ ಅದು ಸಂತೋಷದ ವಿಷಯ. ಕೊಂಡು ತಂದ ಪೊಟ್ಟಣವನ್ನು ಯಾರಿಗೂ ಬೀರದೆ ತಾವೇ ಒಡೆದು ತಿನ್ನುವ ಮನೆಗಳು ಹೆಚ್ಚುತ್ತಿರುವುದೇ ನಿಜವಾದ ನಷ್ಟ. ಪದಾರ್ಥಗಳು ಶತಮಾನದಿಂದ ಶತಮಾನಕ್ಕೆ ಬದಲಾದುವು, ಸಂಕ್ರಮಣದ ದಿನವೇ ಜಾರುತ್ತ ಬಂದಿತು. ಚರಗದಲ್ಲಿಯೂ ತಟ್ಟೆಯಲ್ಲಿಯೂ ಬದಲಾಗದೆ ಉಳಿದುದು, ಬೆಳೆ ಬಂದಾಗ ಮೊದಲ ತುತ್ತನ್ನು ಮತ್ತೊಬ್ಬರಿಗೆ ಕೊಡಬೇಕೆಂಬ ಬುದ್ಧಿಯೊಂದೇ.

ಆದುದರಿಂದ ಈ ಹಬ್ಬವನ್ನು ಉಳಿಸಬೇಕೆನ್ನುವವರು ಮಾಡತಕ್ಕ ಕೆಲಸಗಳು ಸ್ಪಷ್ಟವಾಗಿವೆ. ಎಳ್ಳು, ಸಜ್ಜೆ, ನಾಡ ಅವರೆಗಳ ಬೀಜವನ್ನು ಕಾಪಾಡಿರುವ ರೈತನಿಂದ ಅವನ್ನು ಸರಿಯಾದ ಬೆಲೆ ಕೊಟ್ಟು ಕೊಳ್ಳಬೇಕು. ಅಟ್ಟದ ಮೇಲೆ ದೂಳು ಹಿಡಿದಿರುವ ಮರದ ಅಚ್ಚುಗಳನ್ನು ಕೆಳಗಿಳಿಸಿ, ಪಾಕದ ಹದವನ್ನು ಬಲ್ಲ ಹಿರಿಯರಿಂದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಅದನ್ನು ಕಲಿಯಬೇಕು. ತಟ್ಟೆಯನ್ನು ಹಿಡಿದು ಹೊರಟಾಗ ಪತಿಯನ್ನು ಕಳೆದುಕೊಂಡವಳ ಮನೆಯನ್ನೂ, ಅನ್ಯಮತದ ನೆರೆಯವನ ಮನೆಯನ್ನೂ, ಇದುವರೆಗೆ ನಮ್ಮ ಕಾಲು ತುಳಿಯದ ಕೇರಿಯ ಮನೆಯನ್ನೂ ಬಿಡಬಾರದು. ಸಮುದ್ರದಾಚೆಯ ಬೀಜಕ್ಕೆ ಸ್ಥಳ ಕೊಟ್ಟ ಸಂಪ್ರದಾಯಕ್ಕೆ ತನ್ನ ಊರಿನ ಮನುಷ್ಯರಿಗೆ ಸ್ಥಳ ಕೊಡುವುದು ಅಸಾಧ್ಯವಾಗಬಾರದು. ಹಾಗೆ ಕೊಟ್ಟಾಗ ಮಾತ್ರ, ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂದು ಹಿರಿಯರು ವಿಧಿಸಿದ ನಿಯಮವನ್ನು ನಾವು ಪೂರ್ತಿಯಾಗಿ ಪಾಲಿಸಿದಂತಾಗುತ್ತದೆ.